ಕವಚವೂ ಕಷಾಯವೂ

ಶ್ರಾವಕಧರ್ಮದ ಪರೀಕ್ಷೆ ಬಸದಿಯ ಗರ್ಭಗೃಹದ ಎದುರಿನಲ್ಲಿ ಮಾತ್ರ ನಡೆಯುವುದಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ, ಅಡುಗೆಮನೆಯಲ್ಲಿ, ಹೊಲದ ಬದುವಿನ ಮೇಲೆ, ಕೈಯಲ್ಲಿ ಹಿಡಿದ ಒಂದು ಚಿಕ್ಕ ವಸ್ತುವಿನ ವಿಷಯದಲ್ಲಿಯೂ ಅದು ನಡೆಯುತ್ತಿರುತ್ತದೆ. ಪೂರ್ವಾಚಾರ್ಯರು ಗೃಹಸ್ಥರಿಗೆ ಪರಿಗ್ರಹ ಪರಿಮಾಣವನ್ನು ಉಪದೇಶಿಸಿದಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವನ್ನು ಎಣಿಸಿದರು. ಇಂದು ಆ ಪಟ್ಟಿಗೆ ಅಂಗೈಯಗಲದ ಒಂದು ಗಾಜಿನ ವಸ್ತುವೂ ಸೇರಿಕೊಂಡಿದೆ. ಅದೇ ಮೊಬೈಲು.

ಗಡಿನಾಡಿನ ಜೈನ ಮನೆಗಳಲ್ಲಿ ಆಡುವ ಮಾತು ಒಂದೇ ಅಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ವಯನಾಡಿನಲ್ಲಿ ಮಲಯಾಳ, ಕಾಸರಗೋಡಿನಲ್ಲಿ ತುಳು. ಸೊಸೆ ಒಂದು ಭಾಷೆಯವಳು, ಅತ್ತೆ ಇನ್ನೊಂದು ಭಾಷೆಯವಳು. ಆದರೆ ಬೆಲೆಬಾಳುವ ಹೊಸ ಮೊಬೈಲು ಮನೆಗೆ ಬಂದ ದಿನ ಈ ಎಲ್ಲ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ, ಅದಕ್ಕೆ ಬಳಸುವ ಪದವೂ ಒಂದೇ: ಇದಕ್ಕೆ ಕವರ್ ಹಾಕಬೇಕೋ ಬೇಡವೋ? ಮೇಲುನೋಟಕ್ಕೆ ಇದು ಕೇವಲ ಅನುಕೂಲದ ಪ್ರಶ್ನೆ. ಆಳಕ್ಕಿಳಿದು ನೋಡಿದರೆ ಇದರೊಳಗೆ ಅಹಿಂಸೆ, ಅಪರಿಗ್ರಹ, ಅಪ್ರಮಾದ ಎಂಬ ಮೂರು ತತ್ತ್ವಗಳೂ ಅಡಗಿವೆ.

ಒಂದು ಪ್ರಸಂಗವನ್ನು ಭಾವಿಸಿಕೊಳ್ಳಬಹುದು. ಜತ್ತ ಸೀಮೆಯ ಒಂದು ಕೂಡುಕುಟುಂಬ. ಮನೆಯ ಹಿರಿಯ ಮೊಮ್ಮಗ 80,000 ರೂಪಾಯಿ ಕೊಟ್ಟು ಮೊಬೈಲು ತಂದಿದ್ದಾನೆ. ಅದರ ಅಂದ ಮರೆಯಾಗಬಾರದೆಂದು ಕವಚ ಹಾಕಿಸಿಲ್ಲ. ರಥೋತ್ಸವದ ಮುನ್ನಾದಿನ ಅವನ ತಮ್ಮನ ಆರು ವರ್ಷದ ಮಗಳು ಕಳೆದ ವರ್ಷದ ತೇರಿನ ಚಿತ್ರಗಳನ್ನು ನೋಡಲೆಂದು ಅದನ್ನು ಎತ್ತಿಕೊಳ್ಳುತ್ತಾಳೆ. ಕೈಜಾರಿ ಅದು ಫರಸಿಯ ನೆಲಕ್ಕೆ ಬೀಳುತ್ತದೆ, ಗಾಜು ಮೂಲೆಯಿಂದ ಮೂಲೆಗೆ ಸೀಳುತ್ತದೆ. ಅವನು ಕೈ ಎತ್ತುತ್ತಾನೆ. ಜಪಮಾಲೆ ಹಿಡಿದು ಕುಳಿತಿದ್ದ ಅಜ್ಜಿ ಅಲ್ಲಿಂದಲೇ ತಡೆಯುತ್ತಾಳೆ: “ತಮ್ಮಾ, ಗಾಜು ಒಡದೈತಿ. ಕೂಸಿನ ಮನಸ್ಸು ಯಾಕ ಒಡೀತಿ?” ಅವನು, “ಎಂಬತ್ತು ಸಾವಿರದ್ದೈತಿ, ಆಯಿ” ಎನ್ನುತ್ತಾನೆ. “ಹಂಗಾದ್ರ ಅಷ್ಟು ರೊಕ್ಕ ಕೊಟ್ಟ ದಿನಾನ ಈ ಸಿಟ್ಟೂ ಮನೀಗಿ ತಂದಿದ್ದಿ” ಎಂದು ಹೇಳಿ ಅವಳು ಮತ್ತೆ ಮಾಲೆಯ ಮಣಿಗಳನ್ನು ಎಣಿಸತೊಡಗುತ್ತಾಳೆ.

ಮುನ್ನೂರು ರೂಪಾಯಿಯ ಕವಚವೊಂದು ಇದ್ದಿದ್ದರೆ ಈ ಪ್ರಸಂಗ ತಪ್ಪುತ್ತಿತ್ತೇ? ಗಾಜು ಪ್ರಾಯಶಃ ಉಳಿಯುತ್ತಿತ್ತು. ಆದರೆ ಅಜ್ಜಿ ತೋರಿಸಿದ ಸಿಟ್ಟು ಎಲ್ಲಿಗೆ ಹೋಗುತ್ತಿತ್ತು ಎಂಬುದೇ ಇಲ್ಲಿ ವಿಚಾರಣೀಯ.

ಮೊದಲು ವಸ್ತುವಿನ ಸ್ವಭಾವವನ್ನು ಅರಿಯುವುದು ಯುಕ್ತ. 2007ರ ಜನವರಿಯಲ್ಲಿ ಮೊದಲ ಐಫೋನನ್ನು ಜಗತ್ತಿಗೆ ತೋರಿಸಿದಾಗ ಅದರ ಮುಖಕ್ಕಿದ್ದುದು ಪ್ಲಾಸ್ಟಿಕ್ಕು. ಅದೇ ವರ್ಷದ ಜೂನ್‌ನಲ್ಲಿ ಮಾರಾಟಕ್ಕೆ ಬರುವಷ್ಟರಲ್ಲಿ, ಗೀರು ಬೀಳಬಾರದೆಂದು ಗಾಜನ್ನು ಅಳವಡಿಸಲಾಯಿತು. ಇಂತಹ ಗಾಜನ್ನು ಪೊಟ್ಯಾಸಿಯಮ್ಮಿನ ಕರಗಿದ ಲವಣದಲ್ಲಿ ಮುಳುಗಿಸುತ್ತಾರೆ. ಗಾಜಿನ ಮೇಲ್ಪದರದ ಚಿಕ್ಕ ಸೋಡಿಯಂ ಅಯಾನುಗಳು ಹೊರಬಂದು ಅವುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಒತ್ತರಿಸಿ ಕೂಡುತ್ತವೆ. ಆ ಒತ್ತಡವೇ ಗಾಜಿಗೆ ಬಲ. ಆದರೂ ಗಾಜು ಗಾಜೇ. ಜೇಬಿನಲ್ಲಿರುವ ಮರಳಿನ ಕಣ ಅದಕ್ಕಿಂತ ಗಟ್ಟಿಯಾದುದರಿಂದ ಅದನ್ನು ಗೀರಬಲ್ಲದು. ಕಲ್ಲುನೆಲಕ್ಕೆ ಮೂಲೆ ತಾಗಿದರೆ ಪೆಟ್ಟೆಲ್ಲವೂ ಒಂದೇ ಬಿಂದುವಿನಲ್ಲಿ ಕೂಡಿ ಬಿರುಕು ಹುಟ್ಟುತ್ತದೆ. ಕವಚದ ಮೆತ್ತನೆಯ ಅಂಚು ತಾನು ಕುಗ್ಗಿ ಆ ಪೆಟ್ಟಿನ ಕಾಲವನ್ನು ತುಸು ಹಿಗ್ಗಿಸುತ್ತದೆ, ಬಲವನ್ನು ತಗ್ಗಿಸುತ್ತದೆ. ಅದರ ಏರಿದ ಅಂಚು ಗಾಜನ್ನು ನೆಲದಿಂದ ದೂರವಿಡುತ್ತದೆ. ಆದುದರಿಂದ ಕವಚ ವ್ಯರ್ಥವೆಂದು ಹೇಳಲಾಗದು.

ಕವಚದ ಪರವಾಗಿ ಅಹಿಂಸಾಧರ್ಮವೇ ಒಂದು ಬಲವಾದ ಕಾರಣವನ್ನು ಒದಗಿಸುತ್ತದೆ. ಒಂದು ಮೊಬೈಲು ಸಿದ್ಧವಾಗಬೇಕಾದರೆ ಭೂಮಿಯನ್ನು ಅಗೆಯಬೇಕು, ಅದಿರನ್ನು ಕರಗಿಸಬೇಕು, ನೀರನ್ನೂ ಅಗ್ನಿಯನ್ನೂ ಅಪಾರವಾಗಿ ಬಳಸಬೇಕು. ಅದರ ಬ್ಯಾಟರಿಗೆ ಬೇಕಾಗುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಫ್ರಿಕಾದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಮಕ್ಕಳೂ ದುಡಿಯುವ ಗಣಿಗಳಿವೆ. ಪೃಥ್ವೀಕಾಯ, ಅಪ್ಕಾಯ, ತೇಜಃಕಾಯ ಜೀವಗಳನ್ನು ಒಪ್ಪುವ ಧರ್ಮಕ್ಕೆ ಇದು ಸಣ್ಣ ಮಾತಲ್ಲ. ಒಂದು ಮೊಬೈಲಿನಿಂದ ಪರಿಸರಕ್ಕೆ ಆಗುವ ಹೊರೆಯ ಬಹುಪಾಲು ಅದನ್ನು ಬಳಸುವಾಗ ಅಲ್ಲ, ತಯಾರಿಸುವಾಗಲೇ ಆಗಿಹೋಗಿರುತ್ತದೆ. ಎರಡು ವರ್ಷಕ್ಕೆ ಒಡೆಯಬಹುದಾದ ವಸ್ತು ಐದು ವರ್ಷ ಬಾಳಿದರೆ ಅಷ್ಟು ಹಿಂಸೆ ತಪ್ಪಿದಂತೆ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಆಗುವ ಪ್ರಾಣಹಾನಿಯನ್ನೇ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯೆಂದು ನಿರೂಪಿಸಿದ್ದಾರೆ. ಒಡೆದರೆ ಇನ್ನೊಂದು ಕೊಂಡರಾಯಿತು ಎನ್ನುವ ಮನೋಭಾವ ವೈರಾಗ್ಯವಲ್ಲ, ಅದು ಪ್ರಮಾದ.

ಇನ್ನು ಪ್ರತಿಪಕ್ಷ. ಅದೇ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ಆಚಾರ್ಯರು ವಸ್ತುವಿನ ಕಡೆಗೆ ಬೊಟ್ಟು ಮಾಡದೆ ಮೂರ್ಛೆಯ ಕಡೆಗೆ, ಅಂದರೆ ‘ಇದು ನನ್ನದು’ ಎಂಬ ಮಮತ್ವದ ಕಡೆಗೆ ಬೊಟ್ಟು ಮಾಡುತ್ತಾರೆ. ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನಗಳನ್ನು ವಿವರಿಸುವಾಗ ಹಿಂಸೆ, ಅಸತ್ಯ, ಚೌರ್ಯಗಳ ಜೊತೆಗೆ ವಿಷಯ ಸಂರಕ್ಷಣೆಯನ್ನೂ ರೌದ್ರಧ್ಯಾನದ ಕಾರಣವೆಂದು ಎಣಿಸುತ್ತಾರೆ. ಕೊಲೆ, ಸುಳ್ಳು, ಕಳವುಗಳ ಸಾಲಿನಲ್ಲಿ ‘ಕಾಪಾಡಿಕೊಳ್ಳುವ ಚಿಂತೆ’ಯೂ ಏಕೆ ಬಂದಿತು? ವಸ್ತುವನ್ನು ಕಾಯುವ ಚಿತ್ತ ಅದಕ್ಕೆ ಅಡ್ಡ ಬಂದವರನ್ನೆಲ್ಲ ವೈರಿಯೆಂದು ಕಾಣತೊಡಗುತ್ತದೆ, ಅವರು ಆರು ವರ್ಷದ ಮಗುವಾದರೂ ಸರಿ. ಕೈ ಎತ್ತಿದ ಆ ಕ್ಷಣದಲ್ಲಿ ಆ ಮನೆಯಲ್ಲಿ ನಡೆದದ್ದು ಇದೇ.

ಹಾಗಾದರೆ ಕವಚ ಹಾಕಿದರೆ ಮೂರ್ಛೆ, ಹಾಕದಿದ್ದರೆ ಪ್ರಮಾದ ಎಂಬ ಇಕ್ಕಟ್ಟಿಗೆ ಶ್ರಾವಕ ಸಿಕ್ಕಿಕೊಂಡನೇ? ಅನೇಕಾಂತ ದೃಷ್ಟಿಯುಳ್ಳವರಿಗೆ ಇಲ್ಲಿ ಗೊಂದಲವಿಲ್ಲ. ಕವಚ ಹಾಕುವುದರಲ್ಲಿಯೂ ಹಾಕದಿರುವುದರಲ್ಲಿಯೂ ಕಷಾಯ ಇರಬಹುದು, ಇಲ್ಲದಿರಬಹುದು. ಹೊಳೆಯುವ ಬೆನ್ನು, ಕಂಪನಿಯ ಗುರುತು ನಾಲ್ವರಿಗೆ ಕಾಣಲೆಂದು ಕವಚ ಬಿಟ್ಟವನಲ್ಲಿ ಇರುವುದು ಮಾನಕಷಾಯ. ಅಗ್ಗದ ಮೊಬೈಲು ದುಬಾರಿಯದರಂತೆ ತೋರಲೆಂದು ಕವಚ ಹಾಕಿದವನಲ್ಲಿ ಇರುವುದು ಮಾಯೆ. ಗೀರು ಬಿದ್ದರೆ ಮಾರುವಾಗ ಬೆಲೆ ಇಳಿದೀತೆಂದು ಹಗಲಿರುಳು ಒರೆಸುತ್ತ ಕೂಡುವುದು ಲೋಭ. ಬೀಳಿಸಿದವರ ಮೇಲೆ ಏಳುವುದು ಕ್ರೋಧ. ನಾಲ್ಕೂ ಕಷಾಯಗಳಿಗೆ ಇಷ್ಟು ಚಿಕ್ಕ ವಸ್ತುವಿನಲ್ಲಿ ಜಾಗ ಸಿಕ್ಕಿದೆ. ಆದುದರಿಂದ ಕವಚವಿದೆಯೋ ಇಲ್ಲವೋ ಎಂಬುದಕ್ಕಿಂತ, ಅದು ಏತಕ್ಕಾಗಿ ಎಂಬುದೇ ಮುಖ್ಯ.

ಜೈನಪರಂಪರೆಯಲ್ಲಿ ವಸ್ತುಸಂರಕ್ಷಣೆಗೆ ಎರಡು ದೊಡ್ಡ ನಿದರ್ಶನಗಳಿವೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ, ಕ್ರಿ.ಶ. 981ರಲ್ಲಿ ಪ್ರತಿಷ್ಠಾಪಿತವಾಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಸುಮಾರು 58 ಅಡಿ ಎತ್ತರದ ಬಾಹುಬಲಿಸ್ವಾಮಿಯ ಮೂರ್ತಿಗೆ ಮೇಲೆ ಚಾವಣಿಯಿಲ್ಲ. ಬಿಸಿಲು, ಮಳೆ, ಗಾಳಿಗಳ ನಡುವೆ ಅದು ಸಾವಿರಕ್ಕೂ ಮಿಕ್ಕಿದ ವರ್ಷಗಳಿಂದ ನಿಂತಿದೆ. ಸರ್ವವನ್ನೂ ತ್ಯಜಿಸಿದವನ ಮೂರ್ತಿಗೆ ಆವರಣವಿಲ್ಲದಿರುವುದೇ ಸಹಜ; ಗಟ್ಟಿಯಾದ ಶಿಲೆಗೆ ಅದನ್ನು ತಾಳುವ ಶಕ್ತಿಯೂ ಇದೆ.

ಎರಡನೆಯದು ಮೂಡಬಿದಿರೆಯ ಧವಲಾ, ಜಯಧವಲಾ, ಮಹಾಧವಲಾ ತಾಡವಾಲೆ ಗ್ರಂಥಗಳು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ವ್ಯಾಖ್ಯಾನ ಇಂದಿಗೆ ಉಳಿದುಬಂದಿರುವುದು ಅಲ್ಲಿನ ಕನ್ನಡ ಲಿಪಿಯ ಓಲೆಗಳ ದೆಸೆಯಿಂದ. ಓಲೆ ಶಿಲೆಯಲ್ಲ. ಹುಳು ತಿನ್ನುತ್ತದೆ, ತೇವ ಕೊಳೆಸುತ್ತದೆ, ಅಂಚು ಮುರಿಯುತ್ತದೆ. ಕಟ್ಟಿ, ಮುಚ್ಚಿ, ಬಸದಿಯೊಳಗೆ ಕಾಪಾಡಿದ್ದರಿಂದಲೇ ಅವು ಉಳಿದವು. ಆದರೆ ಶತಮಾನಗಳ ಕಾಲ ಭಕ್ತರಿಗೆ ಅವುಗಳ ದರ್ಶನ ದೊರೆಯುತ್ತಿತ್ತೇ ಹೊರತು ಓದು ದೊರೆಯುತ್ತಿರಲಿಲ್ಲ. ಕಾಪಾಡಿದ ಬಾಗಿಲೇ ಜ್ಞಾನಕ್ಕೆ ಅಡ್ಡವಾಗಿ ನಿಂತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಿಂದ ಧವಲಾದ ಸಂಪುಟಗಳು ಹಿಂದಿ ಅನುವಾದದೊಡನೆ ಮುದ್ರಣವಾಗಿ ಹೊರಬಂದ ಮೇಲೆಯೇ, ಭಾಷೆಯ ಗಡಿಗಳನ್ನು ದಾಟಿ ಅವು ಸಮಾಜದ ಕೈಸೇರಿದವು.

ಈ ಎರಡು ನಿದರ್ಶನಗಳಿಂದ ದೊರೆಯುವ ಬೋಧೆ ಸ್ಪಷ್ಟ. ರಕ್ಷಣೆ ವಸ್ತುವಿನ ಸ್ವಭಾವಕ್ಕೆ ತಕ್ಕಂತಿರಬೇಕು; ಶಿಲೆಗೆ ಬೇಡವಾದದ್ದು ಓಲೆಗೆ ಬೇಕು. ರಕ್ಷಣೆ ವಸ್ತುವಿನ ಉಪಯೋಗಕ್ಕಾಗಿಯೇ ಇರಬೇಕು, ಉಪಯೋಗವನ್ನೇ ತಡೆಯಬಾರದು. ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಆಚರಣೆಯಲ್ಲಿ ಈ ಎರಡೂ ಕೂಡಿವೆ. ಬಿಚ್ಚಲೆಂದೇ ಕಟ್ಟಿದ ವಸ್ತ್ರ ಅದು. ಮೊಬೈಲು ಸ್ವಭಾವದಿಂದ ಓಲೆಯ ಜಾತಿಗೆ ಸೇರಿದ್ದು, ಶಿಲೆಯ ಜಾತಿಗಲ್ಲ. ಅದಕ್ಕೆ ಹೊದಿಕೆ ಇರುವುದು ಯುಕ್ತ. ಆದರೆ ಮಗು ತನ್ನ ಊರಿನ ತೇರನ್ನು ಅದರಲ್ಲಿ ನೋಡಲಾಗದಂತಹ ಕಾವಲು ಅದಕ್ಕೆ ಯುಕ್ತವಲ್ಲ.

ಆದರೂ ಕವಚ ಕೈಯ ಎಚ್ಚರಕ್ಕೆ ಬದಲಿಯಲ್ಲ. ಮುನಿಗಳ ಪಂಚಸಮಿತಿಗಳಲ್ಲಿ ನಾಲ್ಕನೆಯದು ಆದಾನನಿಕ್ಷೇಪಣ ಸಮಿತಿ. ಪಿಂಛಿ, ಕಮಂಡಲು, ಶಾಸ್ತ್ರಗಳನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ಜೀವಬಾಧೆಯಾಗದಂತೆ ನೋಡಿ, ಸವರಿ, ಮೆಲ್ಲನೆ ಇಡುವುದು ಅದರ ಸ್ವರೂಪ. ಗೃಹಸ್ಥನಿಗೂ ಇದರ ಅಭ್ಯಾಸ ಹಿತಕರ. ದಪ್ಪ ಕವಚ ಇದೆಯೆಂಬ ಧೈರ್ಯದಿಂದ ಮೊಬೈಲನ್ನು ಮಂಚದ ಮೇಲೆ ಎಸೆಯುವ ಕೈ ನಾಳೆ ನೀರಿನ ತಂಬಿಗೆಯನ್ನೂ ಎಸೆಯುತ್ತದೆ, ಮಾತನ್ನೂ ಎಸೆಯುತ್ತದೆ. ಮೆಲ್ಲನೆ ಇಡಲು ಕಲಿತ ಕೈಗೆ ಕವಚ ಎರಡನೆಯ ಕಾವಲು ಮಾತ್ರ.

ಕವಚವನ್ನು ಕೊಳ್ಳುವಾಗಲೂ ವಿವೇಕ ಬೇಕು. ಚರ್ಮದ ಕವಚ ಶ್ರಾವಕನಿಗೆ ಸಲ್ಲದು. ಗಾಜನ್ನು ಉಳಿಸಲು ಪಶುವಿನ ತೊಗಲನ್ನು ಹೊದಿಸುವುದು ಧರ್ಮವಾಗದು. ಐಫೋನ್ ತಯಾರಿಸುವ ಆ್ಯಪಲ್ ಕಂಪನಿಯೇ ಪರಿಸರದ ಕಾರಣ ನೀಡಿ 2023ರ ಸೆಪ್ಟೆಂಬರ್‌ನಲ್ಲಿ ಹೊಸ ಚರ್ಮದ ಕವಚಗಳನ್ನು ಕೈಬಿಟ್ಟಿತು. ಪಾರದರ್ಶಕವಾದ ಮೆದು ಕವಚ ಬಿಸಿಲಿಗೆ ಹಳದಿಯಾಗುತ್ತದೆಂದು ಆರು ತಿಂಗಳಿಗೊಂದು, ಸೀರೆಯ ಬಣ್ಣಕ್ಕೊಂದು ಕೊಳ್ಳುವುದು ಅನರ್ಥದಂಡ. ಇಂತಹ ಕವಚಗಳ ಮರುಬಳಕೆ ಸುಲಭವಲ್ಲ. ಬಿಸುಟದ್ದು ಕಸದ ಗುಂಡಿಯಲ್ಲಿ ದೀರ್ಘಕಾಲ ಉಳಿಯುತ್ತದೆ. ಸಾದಾ ಕವಚ ಒಂದು, ಅದು ಹರಿಯುವತನಕ, ಇಷ್ಟು ಸಾಕು. ಚಾರ್ಜಿಗೆ ಹಾಕಿದಾಗ ಮೊಬೈಲು ಬಿಸಿಯೇರಿದರೆ ಕವಚವನ್ನು ತೆಗೆದಿಡಬೇಕು, ಏಕೆಂದರೆ ಶಾಖ ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸುತ್ತದೆ. ಕಾಪಾಡುವ ಹೊದಿಕೆಯೇ ಸಮಯ ತಪ್ಪಿದರೆ ಕೆಡುಕು ಮಾಡುತ್ತದೆ ಎಂಬುದಕ್ಕೆ ಇದೂ ಒಂದು ದೃಷ್ಟಾಂತ.

ಇಷ್ಟೆಲ್ಲ ವಿಚಾರಿಸಿದ ಮೇಲೂ ಅಜ್ಜಿಯ ಮಾತು ಉಳಿದೇ ಇದೆ. ಕವಚದ ಪ್ರಶ್ನೆ ಅಂಗಡಿಯಲ್ಲಿ ಎರಡನೆಯದಾಗಿ ಬರುತ್ತದೆ. ಮೊದಲನೆಯ ಪ್ರಶ್ನೆ ಬೆಲೆಯದು. ಒಡೆದರೆ ಮನೆಯ ನೆಮ್ಮದಿಯೇ ಒಡೆಯುವಷ್ಟು ಬೆಲೆಯ ವಸ್ತು ತನ್ನ ಪರಿಮಾಣವನ್ನು ಮೀರಿದ ವಸ್ತು. ಪರಿಗ್ರಹ ಪರಿಮಾಣದ ಗೆರೆಯನ್ನು ಎಲ್ಲರಿಗೂ ಒಂದೇ ಮೊತ್ತದಲ್ಲಿ ಎಳೆಯಲಾಗದು. ವ್ಯಾಪಾರಿಗೆ, ವಿದ್ಯಾರ್ಥಿಗೆ, ವೈದ್ಯನಿಗೆ ಬೇಕಾಗುವ ಉಪಕರಣ ಬೇರೆ ಬೇರೆ. ಆದರೆ ಪ್ರತಿಯೊಬ್ಬರೂ ಕೊಳ್ಳುವ ಮುನ್ನ ತಮ್ಮನ್ನು ತಾವೇ ಕೇಳಿಕೊಳ್ಳಬಹುದಾದ ಪ್ರಶ್ನೆಯೊಂದಿದೆ: ಇದು ನಾಳೆಯೇ ಮಗುವಿನ ಕೈಯಿಂದ ಜಾರಿ ಬಿದ್ದರೆ ಮೊದಲು ನೋಡುವುದು ಗಾಜನ್ನೋ, ಮಗುವಿನ ಮುಖವನ್ನೋ? ಮಗುವಿನ ಮುಖವನ್ನು ಎನ್ನಬಲ್ಲವರು ಕೊಳ್ಳಲಿ, ಕವಚ ಹಾಕಿ ಜತನದಿಂದ ಬಹುಕಾಲ ಬಳಸಲಿ.

ಗಾಜಿಗೆ ಹೊರಗಿನಿಂದ ಬರುವ ಪೆಟ್ಟಿಗೆ ಕವಚವುಂಟು. ಒಳಗಿನಿಂದ ಏಳುವ ಕಷಾಯಕ್ಕೆ ಅಂಗಡಿಯಲ್ಲಿ ಕವಚ ದೊರೆಯುವುದಿಲ್ಲ. ಅದಕ್ಕೆ ಕ್ಷಮೆಯೊಂದೇ ಕವಚ. ದಶಲಕ್ಷಣ ಧರ್ಮಗಳು ಉತ್ತಮ ಕ್ಷಮೆಯಿಂದಲೇ ಆರಂಭವಾಗುತ್ತವೆ, ಆಕಿಂಚನ್ಯ ಒಂಬತ್ತನೆಯದಾಗಿ ಬರುತ್ತದೆ. ಎಲ್ಲವನ್ನೂ ಬಿಡುವ ಶಕ್ತಿ ಇಂದೇ ಬಾರದಿದ್ದರೂ ಒಡೆದದ್ದನ್ನು ಕ್ಷಮಿಸುವ ಶಕ್ತಿಯನ್ನು ಈ ಉತ್ಸವದ ದಿನಗಳಿಂದಲೇ ಅಭ್ಯಾಸ ಮಾಡಬಹುದು. ರಥ ಎಳೆಯುವ ಬೆಳಿಗ್ಗೆ ಆ ಹೆಣ್ಣುಮಗು ತನ್ನ ದೊಡ್ಡಪ್ಪನ ಹೆಗಲ ಮೇಲೆ ಕುಳಿತು ತೇರನ್ನು ಕಣ್ಣಾರೆ ಕಂಡರೆ, ಆ ಮನೆಯಲ್ಲಿ ಒಡೆದದ್ದು ಗಾಜು ಮಾತ್ರವೆಂದು ತಿಳಿಯಬಹುದು.