ಮರದ ತುದಿಯಿಂದ ತರಗೆಲೆಗೆ

ಶಿವಮೊಗ್ಗ ಜಿಲ್ಲೆಯ ತೊಗರ್ಸಿ ದಾಟಿ ಪಡುವಣಕ್ಕೆ ಹೋದರೆ ಸೊರಬದ ಸೀಮೆ. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು. ಸೌದೆಗೆ, ಸೊಪ್ಪಿಗೆ ಹೋದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರು ಧಾವಿಸಿ ಬಂದರು. ಮಂಗಗಳು ಸಾಯುತ್ತಿವೆ ಎಂದರೆ ಹಳದಿ ಜ್ವರವೇ ಬಂತೇನೋ ಎಂಬ ದಿಗಿಲು. ಸಿಕ್ಕಿದ್ದು ಬೇರೆ: ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ವೈರಸ್ಸಿನ ದಾಯಾದಿ.

ಆದರೆ ನನ್ನನ್ನು ಹೆಚ್ಚು ಕಾಡುವವರು 1960ರ ದಶಕದಲ್ಲಿ ಇಲ್ಲಿ ದುಡಿದ ಹೊರ್ಹೆ ಬೋಶೆಲ್. ಕೊಲಂಬಿಯಾದ ವಿಜ್ಞಾನಿ. ತಮ್ಮ ನಾಡಿನಲ್ಲಿ ಕಾಡಿನ ಹಳದಿ ಜ್ವರದ ಬೆನ್ನು ಹತ್ತಿದ್ದಾಗ, ಕಡಿದ ಮರ ಉರುಳಿದೊಡನೆ ಅದರ ತುದಿಯಲ್ಲಿದ್ದ ನೀಲಿ ಸೊಳ್ಳೆಗಳು ಮರ ಕಡಿಯುವವರನ್ನು ಮುತ್ತಿದ್ದನ್ನು ಕಂಡವರು. ಅಂಥ ದೃಶ್ಯ ಕಂಡವನ ಕಣ್ಣು ಎಲ್ಲಿ ಹೋದರೂ ಮೇಲಕ್ಕೇ ಹೊರಳಬೇಕು. ಸೊರಬದಲ್ಲಿ ಅವರು ತಲೆ ತಗ್ಗಿಸಬೇಕಾಯಿತು. ಇಲ್ಲಿ ರೋಗ ಇದ್ದದ್ದು ತರಗೆಲೆಯಲ್ಲಿ. ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು, ಅದಕ್ಕಂಟಿದ ಎಳ್ಳಿನಷ್ಟು ಚಿಕ್ಕ ಮರಿ ಉಣುಗುಗಳನ್ನು ಆರಿಸಿ ಎಣಿಸುವುದೇ ಕೆಲಸ. ಸಹೋದ್ಯೋಗಿ ಪಿ. ಕೆ. ರಾಜಗೋಪಾಲನ್ ಜೊತೆಗಿದ್ದರು. (ಸಾಹಸ ಎಂದಾಗ ನಮಗೆ ಇಂಥದ್ದು ಹೊಳೆಯುವುದೇ ಇಲ್ಲ.)

ಅನುಭವ ಕೈಹಿಡಿದು ನಡೆಸುತ್ತದೆ, ನಿಜ, ಆದರೆ ಕಣ್ಣನ್ನೂ ಕಟ್ಟುತ್ತದೆ. ಬೋಶೆಲ್ ಹಳೆಯ ಸೊಳ್ಳೆಯನ್ನು ಬಿಟ್ಟರು, ಹಳೆಯ ಪ್ರಶ್ನೆಯನ್ನು ಬಿಡಲಿಲ್ಲ: ಕಾಡಿಗೆ ಮನುಷ್ಯ ಏನು ಮಾಡಿದ? 1969ರ ಬರಹದಲ್ಲಿ ಅವರು ಬೆರಳಿಟ್ಟದ್ದು ಕಡಿದು ತೆರವಾದ ಕಾಡಿನ ಮೇಲೆ, ಅಲ್ಲಿ ಮೇಯಲು ಬಿಟ್ಟ ದನಗಳ ಮೇಲೆ. ದನಕ್ಕೆ ಈ ರೋಗ ತಟ್ಟುವುದಿಲ್ಲ, ಆದರೆ ಬಲಿತ ಉಣುಗು ರಕ್ತ ಹೀರುವುದು ಅದರ ಮೈಯಲ್ಲೇ. ದನ ಹೆಚ್ಚಿದಂತೆ ಉಣುಗೂ ಹೆಚ್ಚಿತು. ಮಂಗ ಸತ್ತಾಗ ಅದರ ಮೈಯಿಂದ ಉದುರಿದ ಉಣುಗುಗಳು ಸುತ್ತಲ ನೆಲದಲ್ಲೆಲ್ಲ ಹರಡಿಕೊಂಡವು. ನಾವು ‘ಮಂಗನ ಕಾಯಿಲೆ’ ಎಂದು ಹೆಸರಿಟ್ಟು, ಎಲ್ಲವನ್ನೂ ಮಂಗನ ತಲೆಗೆ ಕಟ್ಟಿ ಕೈ ತೊಳೆದುಕೊಂಡೆವು.

ಇದರಲ್ಲಿ ರೈತನನ್ನು ದೂರುವುದು ಸುಲಭ, ಅನ್ಯಾಯ ಕೂಡ. ಸೌದೆಯಿಲ್ಲದೆ ಒಲೆ ಉರಿಯದು, ಸೊಪ್ಪು ಹಾಸದೆ ಕೊಟ್ಟಿಗೆ ಗೊಬ್ಬರ ಇಲ್ಲ. ಯಾರ ತಪ್ಪೆಂದು ಕೇಳುವವನಿಗೆ ಬೇಗ ಉತ್ತರ ಸಿಗುತ್ತದೆ. ಏನು ಬದಲಾಯಿತೆಂದು ಕೇಳುವವನು ವರ್ಷಗಟ್ಟಲೆ ಬಟ್ಟೆ ಎಳೆಯಬೇಕು. ಪುಣೆಯ ಪ್ರಯೋಗಾಲಯದ ಹಲವರಿಗೆ ಇದೇ ಜ್ವರ ಬಂದದ್ದೂ ಆ ಕೇಳುವಿಕೆಯ ಬೆಲೆಯೇ.

ಈ ರೋಗಕ್ಕೆ ದಶಕಗಳ ಕಾಲ ಕೊಟ್ಟ ಲಸಿಕೆಯನ್ನು, ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು, 2022ರಲ್ಲಿ ನಿಲ್ಲಿಸಲಾಯಿತು. ಈಗ ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಸವರಿಕೊಂಡು ಹೋಗುತ್ತಾರೆ.