ಅಪಠಿತಕ್ಕೆ ಸಿದ್ಧತೆ

ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಕುಳಿತುಕೊಳ್ಳುವ ಬಾಲಕ ಬಾಲಿಕೆಯರಲ್ಲಿ ಬಹುಮಂದಿಗೆ ಇಂಗ್ಲಿಷು ದ್ವಿತೀಯಭಾಷೆ. ಆಂತರಿಕ ಮೌಲ್ಯಮಾಪನದ 20 ಅಂಕಗಳನ್ನು ಕಳೆದರೆ ಉಳಿದ 80 ಅಂಕಗಳು ಲಿಖಿತ ಪರೀಕ್ಷೆಗೆ ಸೇರಿದುವು. ಆ ಪ್ರಶ್ನೆಪತ್ರಿಕೆಯಲ್ಲಿ ಪಾಠಗಳ ಮೇಲಣ ಪ್ರಶ್ನೆಗಳೂ ವ್ಯಾಕರಣವೂ ಇವೆ. ಪದ್ಯಭಾಗವೊಂದನ್ನು ನೆನಪಿನಿಂದ ಬರೆಯಬೇಕು, ಚಿತ್ರವೊಂದನ್ನು ನೋಡಿ ವರ್ಣಿಸಬೇಕು, ಪತ್ರವನ್ನೂ ಪ್ರಬಂಧವನ್ನೂ ರಚಿಸಬೇಕು. ಇವೆಲ್ಲದರ ನಡುವೆ, ವಿದ್ಯಾರ್ಥಿಯು ಹಿಂದೆಂದೂ ಕಂಡಿರದ ಗದ್ಯಖಂಡವೊಂದನ್ನು ಓದಿ ಅದರ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇದಕ್ಕೆ ಅಪಠಿತ ಗದ್ಯವೆಂದು ಹೆಸರು. ಅಂಕಗಳ ಲೆಕ್ಕದಲ್ಲಿ ಅದು ಅಲ್ಪವೇ ಸರಿ. ತತ್ತ್ವವಿಚಾರದ ದೃಷ್ಟಿಯಿಂದ ಮಾತ್ರ ಉಳಿದೆಲ್ಲಕ್ಕಿಂತ ಅದೇ ಗಹನವಾದದ್ದು. ಪದ್ಯವನ್ನು ಬಾಯಿಪಾಠ ಮಾಡುವುದೆಂದರೇನು, ಪತ್ರದ ನಮೂನೆಯನ್ನು ಕಲಿಯುವುದೆಂದರೇನು ಎಂಬುದನ್ನು ಯಾರಾದರೂ ಹೇಳಬಲ್ಲರು. ಕಾಣದಿರುವುದಕ್ಕೆ ಸಿದ್ಧನಾಗುವುದೆಂದರೆ ಏನು? ತಿಳಿವು ಎಂಬುದು ನಾವು ಮೊದಲೇ ಮಾಡಿಟ್ಟುಕೊಳ್ಳಬಹುದಾದ ಕಾರ್ಯವೇ?

ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆದಿಭಾಗದಲ್ಲಿ ಕ್ರಿಯೆಗೂ ಜ್ಞಾನಕ್ಕೂ ಇರುವ ಭೇದವನ್ನು ಬಹು ಸ್ಫುಟವಾಗಿ ನಿರೂಪಿಸಿದ್ದಾರೆ. ಕ್ರಿಯೆಯು ಪುರುಷತಂತ್ರ, ಊರಿಗೆ ಹೋಗಬೇಕಾದವನು ಕುದುರೆಯ ಮೇಲೆ ಹೋಗಬಹುದು, ಕಾಲ್ನಡಿಗೆಯಲ್ಲಿ ಹೋಗಬಹುದು, ಹೋಗದೆಯೂ ಇರಬಹುದು. ಜ್ಞಾನವಾದರೋ ವಸ್ತುತಂತ್ರ, ಎದುರಿಗಿರುವುದು ಕಂಬವಾಗಿದ್ದಲ್ಲಿ ಅದನ್ನು ಕಂಬವೆಂದು ಅರಿಯುವುದೊಂದೇ ಅರಿವು, ಮನುಷ್ಯನೆಂದೂ ತಿಳಿಯಬಹುದೆಂಬ ಸ್ವಾತಂತ್ರ್ಯ ಅಲ್ಲಿ ನೋಡುವವನಿಗಿಲ್ಲ. ಬ್ರಹ್ಮಜಿಜ್ಞಾಸೆಗಾಗಿ ಹೊರಟ ಈ ವಿವೇಕವನ್ನು ನಾಲ್ಕಾರು ಅಂಕಗಳ ಪ್ರಶ್ನೆಯೊಂದಕ್ಕೆ ಇಳಿಸುವುದು ಅಪಚಾರವೆಂದು ಕೆಲವರಿಗೆ ತೋರೀತು. ಆದರೆ ಕುದುರೆಯನ್ನೂ ಕಂಬವನ್ನೂ ಕರೆತಂದು ವಾದ ಹೂಡಿದವರು ಆಚಾರ್ಯರೇ ಆದ್ದರಿಂದ, ಹತ್ತನೆಯ ತರಗತಿಯ ಬಾಲಕನೊಬ್ಬನನ್ನು ಆ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಅವರಿಂದ ಆಕ್ಷೇಪಣೆ ಬರಲಾರದೆಂದು ನಂಬಿದ್ದೇನೆ.

ಈ ಭೇದವನ್ನು ಒಪ್ಪಿದರೆ, ಬರೆಯುವ ಪರೀಕ್ಷೆಯು ಕ್ರಿಯೆಯ ಪರೀಕ್ಷೆ, ಓದುವ ಪರೀಕ್ಷೆಯು ಜ್ಞಾನದ ಪರೀಕ್ಷೆ ಎಂದಾಗುತ್ತದೆ. ನಮ್ಮ ಸಿದ್ಧತೆಯ ಕ್ರಮವಾದರೋ ಎರಡನ್ನೂ ಕ್ರಿಯೆಯೆಂದೇ ಎಣಿಸಿಕೊಂಡಿದೆ. ಅಪಠಿತ ಗದ್ಯಕ್ಕೆ ಉಪಾಯವೆಂದು ಮಕ್ಕಳಿಗೆ ಸಾಮಾನ್ಯವಾಗಿ ಹೇಳಿಕೊಡುವುದು ಇಷ್ಟು: ಪ್ರಶ್ನೆಯಲ್ಲಿರುವ ಮುಖ್ಯ ಪದವನ್ನು ಹಿಡಿ, ಅದೇ ಪದವು ಗದ್ಯದಲ್ಲಿ ಎಲ್ಲಿ ಬಂದಿದೆಯೆಂದು ಹುಡುಕು, ಆ ವಾಕ್ಯವನ್ನು ಹಾಗೆಯೇ ಇಳಿಸು. ಈ ಉಪಾಯ ಫಲಿಸುತ್ತದೆ ಎಂಬುದೇ ಇದರಲ್ಲಿರುವ ವಿಪರ್ಯಾಸ. ಒಂದಕ್ಷರದ ಅರ್ಥವೂ ತಿಳಿಯದೆ, ಕಣ್ಣಿನ ಚಾತುರ್ಯದಿಂದಲೇ, ಪೂರ್ಣಾಂಕವನ್ನು ಪಡೆಯುವ ಹುಡುಗನುಂಟು. ಇಡೀ ಖಂಡದ ಭಾವವನ್ನು ಗ್ರಹಿಸಿ, ಅದನ್ನು ತನ್ನ ಮಾತಿನಲ್ಲಿ ಹೇಳಹೊರಟು, ಕ್ರಿಯಾಪದದ ರೂಪದಲ್ಲಿ ಎಡವಿ, ಅರ್ಧ ಅಂಕವನ್ನು ಕಳೆದುಕೊಳ್ಳುವ ಹುಡುಗಿಯೂ ಉಂಟು. ಜ್ಞಾನವನ್ನು ಅಳೆಯಲೆಂದು ಇಟ್ಟ ಅಳತೆಗೋಲು ಕ್ರಿಯೆಯನ್ನು ಅಳೆದು ಕೈತೊಳೆದುಕೊಂಡಿತು.

ಇಷ್ಟಕ್ಕೇ ನಿಲ್ಲಿಸಿದರೆ ವಿಚಾರವು ಏಕಪಕ್ಷೀಯವಾಗುತ್ತದೆ. ಜ್ಞಾನವೊಂದೇ ಸಾಲದು, ಕರ್ಮವೂ ಅದರೊಡನೆ ಸೇರಬೇಕೆಂದು ವಾದಿಸಿದ ಸಮುಚ್ಚಯವಾದಿಗಳು ನಮ್ಮ ಪರಂಪರೆಯಲ್ಲಿ ಇದ್ದರು. ಮೋಕ್ಷದ ವಿಷಯದಲ್ಲಿ ಅವರ ಮಾತು ನಿಲ್ಲುತ್ತದೆಯೋ ಇಲ್ಲವೋ, ಪರಭಾಷೆಯ ವಿಷಯದಲ್ಲಂತೂ ಅವರ ಪಕ್ಷವೇ ಬಲವಾದದ್ದೆಂದು ನನ್ನ ಅಭಿಪ್ರಾಯ. ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ಒಂದು ಪದವು ಇನ್ನೊಂದನ್ನು ಅಪೇಕ್ಷಿಸುವುದು ಆಕಾಂಕ್ಷೆ. ಅವುಗಳ ಅರ್ಥಗಳು ಪರಸ್ಪರ ಹೊಂದುವುದು ಯೋಗ್ಯತೆ. ಅವು ಬಳಿಬಳಿಯಲ್ಲಿ ಉಚ್ಚಾರವಾಗುವುದು ಸನ್ನಿಧಿ. ಈಗ ಕನ್ನಡದ ಮಗುವಿನ ಸ್ಥಿತಿಯನ್ನು ನೋಡಿ. ಅದರ ಮನಸ್ಸು ಹುಟ್ಟಿದಂದಿನಿಂದ ಕ್ರಿಯಾಪದವನ್ನು ವಾಕ್ಯದ ತುದಿಯಲ್ಲಿ ನಿರೀಕ್ಷಿಸಿ ಪಳಗಿದೆ. ಕರ್ತೃ, ಕರ್ಮ, ಕಾಲ, ದೇಶ, ವಿಶೇಷಣಗಳೆಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು, ಕೊನೆಗೆ ಬರುವ ಒಂದು ಪದಕ್ಕಾಗಿ ಕಾದಿರುವುದೇ ಅದಕ್ಕೆ ಸಹಜವಾದ ಓದು. ಇಂಗ್ಲಿಷಿನಲ್ಲಿ ಕ್ರಿಯಾಪದವು ಕರ್ತೃವಿನ ಬೆನ್ನಿಗೇ ಬಂದುಬಿಡುತ್ತದೆ. ಬಾಲವು ಆಮೇಲೆ ಬೆಳೆಯುತ್ತದೆ, ಸಂಬಂಧಸೂಚಕ ಸರ್ವನಾಮವೊಂದರಿಂದ ಉಪವಾಕ್ಯವೊಂದು ಕವಲೊಡೆಯುತ್ತದೆ, ಅದರಿಂದ ಮತ್ತೊಂದು. ಪದಗಳ ಅರ್ಥವೆಲ್ಲ ಗೊತ್ತಿದ್ದೂ ವಾಕ್ಯವು ತಿಳಿಯದೆ ಮಗುವು ತಬ್ಬಿಬ್ಬಾಗುವುದು ಇಲ್ಲಿ. ಈ ಹೊಸ ಆಕಾಂಕ್ಷೆಯು ಉಪದೇಶದಿಂದ ಬರತಕ್ಕದ್ದಲ್ಲ. ನೂರಾರು ವಾಕ್ಯಗಳನ್ನು ಗಟ್ಟಿಯಾಗಿ ಓದಿ, ಕೇಳಿ, ಎಲ್ಲಿ ಉಸಿರು ನಿಲ್ಲಬೇಕೆಂಬುದು ನಾಲಗೆಗೆ ಅಭ್ಯಾಸವಾದ ಬಳಿಕ ಬರತಕ್ಕದ್ದು. ಅದು ಸಂಸ್ಕಾರ, ಅಷ್ಟರಮಟ್ಟಿಗೆ ಅದು ಸಾಧ್ಯವಾದ ಕ್ರಿಯೆಯೇ ಹೌದು.

ಆದರೆ ವಾಕ್ಯಗಳೆಲ್ಲ ತಿಳಿದ ಮೇಲೂ ಉಳಿಯುವುದೊಂದಿದೆ, ಅದು ತಾತ್ಪರ್ಯ. ಖಂಡದ ಮುಖ್ಯಾಭಿಪ್ರಾಯವೇನು, ಅದಕ್ಕೆ ತಕ್ಕ ಶೀರ್ಷಿಕೆಯಾವುದು ಎಂಬ ಬಗೆಯ ಪ್ರಶ್ನೆ ಕೇಳುವುದು ಇದನ್ನೇ. ವೇದಾಂತಿಗಳು ಉಪನಿಷತ್ತಿನ ಪ್ರಕರಣವೊಂದರ ತಾತ್ಪರ್ಯವನ್ನು ನಿಶ್ಚಯಿಸುವುದಕ್ಕೆ ಆರು ಲಿಂಗಗಳನ್ನು ಗೊತ್ತುಮಾಡಿದ್ದರು: ಉಪಕ್ರಮೋಪಸಂಹಾರಗಳ ಐಕ್ಯ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಅದ್ವೈತಿಗಳೂ ದ್ವೈತಿಗಳೂ ಇವನ್ನು ಒಪ್ಪಿಕೊಂಡೇ, ಒಂದೇ ವಾಕ್ಯದಿಂದ ಬೇರೆ ಬೇರೆ ತಾತ್ಪರ್ಯಗಳನ್ನು ತೆಗೆದರೆಂಬುದು ಬೇರೆಯ ಮಾತು. ಸರ್ ಎಂ. ವಿಶ್ವೇಶ್ವರಯ್ಯನವರನ್ನೂ ಕನ್ನಂಬಾಡಿಯ ಕಟ್ಟೆಯನ್ನೂ ಕುರಿತ ಗದ್ಯಖಂಡವೊಂದು ಪ್ರಶ್ನೆಪತ್ರಿಕೆಯಲ್ಲಿ ಬಂದಿತೆನ್ನೋಣ. ಮೊದಲ ವಾಕ್ಯದಲ್ಲೂ ಕಡೆಯ ವಾಕ್ಯದಲ್ಲೂ ಸಮಾನವಾಗಿ ಕಾಣುವುದು ಯಾವುದು? ಮಧ್ಯದಲ್ಲಿ ಮರಳಿ ಮರಳಿ ಬರುವುದು ಯಾವುದು? ವಿದ್ಯಾರ್ಥಿಗೆ ಮೊದಲೇ ತಿಳಿದಿರದ ಯಾವ ಸಂಗತಿಯನ್ನು ಹೇಳುವುದಕ್ಕಾಗಿ ಲೇಖಕನು ಇಷ್ಟು ಬರೆದನು? ಅವರ ಶಿಸ್ತನ್ನೂ ಉಡುಪನ್ನೂ ಹೊಗಳುವ ವಾಕ್ಯಗಳು ಸ್ತುತಿಮಾತ್ರವೇ, ಎಂದರೆ ಅರ್ಥವಾದವೇ, ಅಥವಾ ಅವೇ ಖಂಡದ ಹುರುಳೇ? ಈ ರೀತಿ ಕೇಳಿಕೊಳ್ಳುವುದನ್ನು ಕಲಿತ ಮಗುವಿಗೆ ಖಂಡವು ಅಪಠಿತವಾದರೂ ಅಪರಿಚಿತವಲ್ಲ. ಸಾವಿರ ವರ್ಷಗಳಿಗೂ ಹಿಂದಿನಿಂದ ನಮ್ಮ ಮಠಗಳಲ್ಲಿಯೂ ಅಗ್ರಹಾರಗಳಲ್ಲಿಯೂ ನಡೆದುಬಂದ ಈ ಓದಿನ ವಿದ್ಯೆಯನ್ನು ಇಂಗ್ಲಿಷು ಕಲಿಸುವವರು ಪರಕೀಯವೆಂದು ಬದಿಗಿಟ್ಟಿರುವುದು ನನಗೆ ಆಶ್ಚರ್ಯವನ್ನೇ ಉಂಟುಮಾಡುತ್ತದೆ.

ಇಷ್ಟಾದರೂ ಈ ಲಿಂಗಗಳು ತಾತ್ಪರ್ಯವನ್ನು ತೋರಿಸುತ್ತವೆಯೇ ಹೊರತು ಹುಟ್ಟಿಸುವುದಿಲ್ಲ. ಪತಂಜಲಿಯು ಯೋಗಸೂತ್ರದ ಕಡೆಯ ಪಾದದಲ್ಲಿ ರೈತನ ದೃಷ್ಟಾಂತವೊಂದನ್ನು ತರುತ್ತಾನೆ: ಒಕ್ಕಲಿಗನು ನೀರನ್ನು ಗದ್ದೆಯಿಂದ ಗದ್ದೆಗೆ ಕೈಯಾರೆ ಸಾಗಿಸುವುದಿಲ್ಲ, ಅಡ್ಡವಾಗಿರುವ ಬದುವನ್ನು ಕಡಿದುಕೊಡುತ್ತಾನೆ, ನೀರು ತಾನಾಗಿ ಇಳಿಯುತ್ತದೆ. ಓದಿನ ಸಿದ್ಧತೆಯೆಂಬುದು ಇಂತಹ ಪ್ರತಿಬಂಧನಿವಾರಣೆಯೇ ಹೊರತು ಉತ್ಪಾದನೆಯಲ್ಲ. ಭಯವು ಒಂದು ಬದು, ಆತುರವು ಇನ್ನೊಂದು. ಪ್ರಶ್ನೆಪತ್ರಿಕೆಯನ್ನು ಓದಿಕೊಳ್ಳುವುದಕ್ಕೆಂದೇ ಮೊದಲ 15 ನಿಮಿಷಗಳನ್ನು ಪರೀಕ್ಷಾಮಂಡಳಿಯವರು ಕೊಡುತ್ತಾರೆ. ಅದು ವಿವೇಕದ ಏರ್ಪಾಡು, ಆದರೆ ಮಕ್ಕಳಲ್ಲಿ ಅನೇಕರು ಆ ಕಾಲವನ್ನು ತಾವು ಉರು ಹೊಡೆದು ಬಂದ ಪ್ರಬಂಧವು ಬಂದಿದೆಯೇ ಇಲ್ಲವೇ ಎಂದು ನೋಡುವುದರಲ್ಲಿ ಕಳೆಯುತ್ತಾರೆ. ಬೀಳ್ಕೊಡುಗೆಯ ಸಮಾರಂಭದಲ್ಲಿ ಅತಿಥಿಗಳು ಎದ್ದುನಿಂತು, ಕರ್ಮದಲ್ಲಿ ಮಾತ್ರ ನಿನಗೆ ಅಧಿಕಾರ, ಫಲದಲ್ಲಿಲ್ಲ ಎಂಬ ಗೀತಾಶ್ಲೋಕವನ್ನು ಹೇಳಿ ಕುಳಿತುಕೊಳ್ಳುತ್ತಾರೆ. ಅವರ ಹಿಂದೆಯೇ ಮುಖ್ಯೋಪಾಧ್ಯಾಯರು ಎದ್ದು ಶಾಲೆಗೆ ಶೇಕಡಾ ನೂರು ಫಲಿತಾಂಶ ಬರಲೇಬೇಕೆನ್ನುತ್ತಾರೆ. ಮಕ್ಕಳು ಎರಡಕ್ಕೂ ಚಪ್ಪಾಳೆ ತಟ್ಟುತ್ತಾರೆ.

ಬರೆವಣಿಗೆಯ ಮಾತು ಬೇರೆ. ಅದು ಕ್ರಿಯೆ, ಆದುದರಿಂದ ಅದರಲ್ಲಿ ಧರ್ಮಾಧರ್ಮಗಳ ಪ್ರಶ್ನೆ ಏಳುತ್ತದೆ. ಪ್ರಶ್ನೆಪತ್ರಿಕೆಯು ವಿದ್ಯಾರ್ಥಿಗೆ ಒಂದು ಕಲ್ಪಿತ ನಾಮವನ್ನೂ ಊರನ್ನೂ ಕೊಟ್ಟು, ತಂದೆಗೆ ಪತ್ರ ಬರೆಯೆಂದು ಹೇಳುತ್ತದೆ. ತನ್ನ ಪರೀಕ್ಷಾಸಿದ್ಧತೆಯನ್ನು ತಂದೆಗೆ ವಿವರಿಸುವ ಪತ್ರವು ಬಹುಕಾಲದಿಂದ ಪ್ರಚಾರದಲ್ಲಿರುವ ಮಾದರಿ. ಹುಡುಗನು ತನ್ನದಲ್ಲದ ಹೆಸರಿನಲ್ಲಿ, ತಾನಿಲ್ಲದ ವಿದ್ಯಾರ್ಥಿನಿಲಯದಿಂದ, ತನ್ನ ಸಿದ್ಧತೆ ಬಹು ಚೆನ್ನಾಗಿ ಸಾಗಿದೆಯೆಂದು, ಗೈಡಿನಿಂದ ಉರು ಹೊಡೆದ ವಾಕ್ಯಗಳಲ್ಲಿ ಬರೆಯುತ್ತಾನೆ. ಇದು ಸುಳ್ಳೇ? ಕಲ್ಪನೆಯು ಸುಳ್ಳಲ್ಲ; ನಾಟಕದ ಪಾತ್ರಧಾರಿಯನ್ನು ಯಾರೂ ಅಸತ್ಯವಾದಿಯೆನ್ನುವುದಿಲ್ಲ. ದೋಷವಿರುವುದು ಬೇರೆ ಕಡೆ. ಯೋಗಭಾಷ್ಯವು ಸತ್ಯವನ್ನು ವಿವರಿಸುವಾಗ, ನಮ್ಮ ಬೋಧವನ್ನು ಇನ್ನೊಬ್ಬರಿಗೆ ಮುಟ್ಟಿಸುವುದಕ್ಕಾಗಿ ಆಡಿದ ಮಾತು ವಂಚನೆಯಿಂದಲೂ ಭ್ರಾಂತಿಯಿಂದಲೂ ದೂರವಾಗಿರಬೇಕೆಂದು ಹೇಳಿ ಅಷ್ಟಕ್ಕೇ ಬಿಡುವುದಿಲ್ಲ. ಕೇಳುವವನಲ್ಲಿ ತಿಳಿವನ್ನು ಹುಟ್ಟಿಸಲಾರದ ಬಂಜೆ ಮಾತೂ ಆಗಬಾರದೆನ್ನುತ್ತದೆ. ಅರ್ಥವರಿಯದೆ ಬರೆದ ಪತ್ರವು ಈ ಮೂರನೆಯ ವರ್ಗಕ್ಕೆ ಸೇರಿದ್ದು. ಬರೆದವನಿಗೆ ಬೋಧವಿಲ್ಲ, ಓದುವ ಮೌಲ್ಯಮಾಪಕನಿಗೆ ಹೊಸದಾಗಿ ತಿಳಿಯಬೇಕಾದದ್ದಿಲ್ಲ; ಇಬ್ಬರ ನಡುವೆ ಅಂಕಗಳು ಮಾತ್ರ ಕೈಬದಲಾಯಿಸುತ್ತವೆ.

ನಿರುಕ್ತದಲ್ಲಿ ಯಾಸ್ಕನು ಕೌತ್ಸನೆಂಬ ಪೂರ್ವಪಕ್ಷಿಯನ್ನು ಹೆಸರಿಸುತ್ತಾನೆ. ವೇದಮಂತ್ರಗಳಿಗೆ ಅರ್ಥವೇ ಇಲ್ಲವೆಂಬುದು ಅವನ ಮತ. ಯಾಸ್ಕನು ಅವನನ್ನು ಖಂಡಿಸಿದನಾದರೂ ಕೌತ್ಸನ ಶಿಷ್ಯಸಂತತಿ ಅಳಿಯಲಿಲ್ಲವೆಂಬುದಕ್ಕೆ ಮಾರ್ಚಿ ತಿಂಗಳಿನಲ್ಲಿ ನಮ್ಮ ಯಾವ ಪ್ರೌಢಶಾಲೆಯ ಅಂಗಳದಲ್ಲಾದರೂ ನಿದರ್ಶನ ಸಿಕ್ಕುತ್ತದೆ. ಹೀಗೆಂದು ಸ್ಮೃತಿಶಕ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪದ, ಕ್ರಮ, ಜಟೆ, ಘನವೆಂಬ ಪಾಠಕ್ರಮಗಳಿಂದ ಸ್ವರಾಕ್ಷರವೂ ಕೆಡದಂತೆ ವೇದವನ್ನು ಉಳಿಸಿಕೊಟ್ಟವರಲ್ಲಿ ಅರ್ಥಜ್ಞರಲ್ಲದವರೂ ಅನೇಕರಿದ್ದಿರಬೇಕು. ಅವರ ಕಂಠವಿಲ್ಲದಿದ್ದರೆ ಯಾಸ್ಕನಿಗೆ ಅರ್ಥ ಹೇಳುವುದಕ್ಕೆ ಮಂತ್ರವೇ ಇರುತ್ತಿರಲಿಲ್ಲ.

ಕಲಿಕೆಯಲ್ಲಿ ಹಿಂದುಳಿದವರಿಗೆಂದು ಉಪಾಧ್ಯಾಯರು ತಯಾರಿಸುವ ‘ಪಾಸಿಂಗ್ ಪ್ಯಾಕೇಜು’ ಎಂಬುದೊಂದುಂಟು: ಪತ್ರದ ಚೌಕಟ್ಟು, ಬಾಯಿಪಾಠದ ಪದ್ಯ, ಯಾವ ಚಿತ್ರಕ್ಕಾದರೂ ಹೊಂದುವ ನಾಲ್ಕಾರು ವಾಕ್ಯಗಳು. ವಿದ್ವಾಂಸರು ಇದನ್ನು ಕಂಡು ಮುಖ ಸಿಂಡರಿಸುತ್ತಾರೆ. ನಾನು ಹಾಗೆ ಮಾಡಲಾರೆ. ಛಾಂದೋಗ್ಯೋಪನಿಷತ್ತಿನ ಮೊದಲ ಅಧ್ಯಾಯದಲ್ಲಿ ಉಷಸ್ತಿ ಚಾಕ್ರಾಯಣನ ಕಥೆಯಿದೆ. ಕುರುದೇಶದಲ್ಲಿ ಬೆಳೆ ಹಾಳಾಗಿ, ದುರ್ಗತಿಗೆ ಬಂದ ಆ ವಿದ್ವಾಂಸನು, ಒಬ್ಬನು ತಿನ್ನುತ್ತಿದ್ದ ಕೀಳುತರದ ಉದ್ದನ್ನು ಕಂಡು ಬೇಡಿದನು. ತನ್ನ ಮುಂದಿರುವುದಲ್ಲದೆ ಬೇರೆಯಿಲ್ಲವೆಂದು ಅವನು ಹೇಳಿದರೂ ಅದನ್ನೇ ತೆಗೆದುಕೊಂಡು ತಿಂದನು. ಅವನೇ ನೀರನ್ನೂ ಕೊಡಬಂದಾಗ ಮಾತ್ರ, ಎಂಜಲನ್ನು ಕುಡಿಯಲಾರೆನೆಂದನು. ಉದ್ದು ಎಂಜಲಲ್ಲವೇ ಎಂದು ಕೇಳಿದುದಕ್ಕೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ಸಿಕ್ಕುತ್ತದೆ ಎಂದು ಉತ್ತರಿಸಿದನು. ಆಪದ್ಧರ್ಮದ ಸ್ವರೂಪವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಿದ ಪ್ರಸಂಗವನ್ನು ನಾನು ಕಾಣೆ. ಅನುತ್ತೀರ್ಣಳಾದರೆ ಓದು ಬಿಡಿಸಿ ಮದುವೆಗೋ ಕೂಲಿಗೋ ಕಳುಹಿಸಲ್ಪಡುವ ಹುಡುಗಿಗೆ ಆ ಸಿದ್ಧವಾಕ್ಯಗಳು ಪ್ರಾಣಧಾರಣೆಯ ಉದ್ದು. ಅದನ್ನು ಕೊಡುವ ಉಪಾಧ್ಯಾಯನು ಅಧರ್ಮಿಯಲ್ಲ. ಮನೆಯಲ್ಲಿ ಪುಸ್ತಕವೂ, ಟ್ಯೂಷನ್ನೂ, ಬಿಡುವೂ ಇದ್ದು, ತನ್ನ ಮಾತಿನಲ್ಲಿ ಹತ್ತು ವಾಕ್ಯ ಬರೆಯಬಲ್ಲವನಿಗೂ, ಒಂದೆರಡು ಅಂಕಗಳ ಆಸೆಯಿಂದ, ಅದೇ ಎಂಜಲನ್ನು ಉಣಿಸುವುದಕ್ಕೆ ಮಾತ್ರ ಉಷಸ್ತಿಯ ಅನುಮತಿ ದೊರೆಯುವುದಿಲ್ಲ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನದು ನಮಗೆ ಇನ್ನೂ ಹತ್ತಿರವಾದದ್ದು. ಮಿಕ್ಕ ಉದ್ದನ್ನು ಮರುದಿನ ಬೆಳಗ್ಗೆ ತಿಂದು ಉಷಸ್ತಿಯು ರಾಜನೊಬ್ಬನ ಯಜ್ಞಕ್ಕೆ ಹೋಗಿ, ಸಾಮವನ್ನು ಹಾಡಲು ಕುಳಿತಿದ್ದ ಋತ್ವಿಜರನ್ನು ಒಬ್ಬೊಬ್ಬರಾಗಿ ಕುರಿತು, ನೀನು ಹಾಡುವ ಭಾಗದ ದೇವತೆಯಾವುದೆಂದು ಅರಿಯದೆ ಹಾಡಿದರೆ ನಿನ್ನ ತಲೆ ಬಿದ್ದೀತೆಂದು ಎಚ್ಚರಿಸಿದನು. ನಿನ್ನೆ ಎಂಜಲನ್ನು ತಿಂದವನೇ ಇಂದು ಅರ್ಥವಿಲ್ಲದ ಪಠನವನ್ನು ತಡೆದನು. ಋತ್ವಿಜರು ಹಾಡುವುದನ್ನು ನಿಲ್ಲಿಸಿ ಮೌನವಾದರು. ಆಮೇಲೆ ಅವನು ಮಾಡಿದ್ದೇನು? ಅವರನ್ನು ಓಡಿಸಲಿಲ್ಲ, ಸಾಮವನ್ನು ಬದಲಾಯಿಸಲಿಲ್ಲ; ಇವರೇ ಹಾಡಲೆಂದು ರಾಜನಿಗೆ ಹೇಳಿ, ಅವರಿಗೆ ಕೊಡುವಷ್ಟೇ ಧನವನ್ನು ತನಗೂ ಕೊಡಬೇಕೆಂದು ಗೊತ್ತುಮಾಡಿಕೊಂಡು (ಸಂಬಳದ ವಿಷಯದಲ್ಲಿ ಸಂಕೋಚಪಡುವ ನಮ್ಮ ಗುತ್ತಿಗೆ ಉಪಾಧ್ಯಾಯರು ಇದನ್ನು ಗಮನಿಸಬಹುದು), ಅವರು ಕೇಳಿದಾಗ ಪ್ರಾಣ, ಆದಿತ್ಯ, ಅನ್ನ ಎಂಬ ಮೂರು ದೇವತೆಗಳನ್ನು ತಿಳಿಸಿಕೊಟ್ಟನು. ಬಾಯಿಪಾಠದ ಪತ್ರವನ್ನೂ ಹೀಗೆಯೇ ಇಟ್ಟುಕೊಂಡು, ಜನವರಿಯಿಂದ ಮಾರ್ಚಿಯೊಳಗಾಗಿ, ಅದರ ಒಂದೊಂದು ವಾಕ್ಯವನ್ನು ತೆಗೆದು, ಇದನ್ನು ನಿನ್ನ ತಂದೆಗೆ ನಿಜವಾಗಿ ಹೇಳುವೆಯಾ, ಇಲ್ಲವಾದರೆ ಏನು ಹೇಳುವೆ ಎಂದು ಕೇಳುತ್ತ ಬಂದರೆ, ಚೌಕಟ್ಟು ಉಳಿದು ಒಳಗಿನ ಮಾತು ಮಗುವಿನದಾಗುವುದಕ್ಕೆ ಅವಕಾಶವುಂಟು.

ಆ ಮಾತು ಸೊಟ್ಟದಾಗಿರುತ್ತದೆ. ಕಾಲವಚನಗಳು ಅಲ್ಲಲ್ಲಿ ಕೆಟ್ಟಿರುತ್ತವೆ. ಮೌಲ್ಯಮಾಪನ ಕೇಂದ್ರದಲ್ಲಿ ಕಟ್ಟುಗಟ್ಟಲೆ ಉತ್ತರಪತ್ರಿಕೆಗಳ ಮುಂದೆ, ಮಾದರಿ ಉತ್ತರಗಳನ್ನು ಎದುರಿಗಿಟ್ಟುಕೊಂಡು, ಬೇಸಗೆಯ ಸೆಕೆಯಲ್ಲಿ ಕುಳಿತವರಿಗೆ, ಗೈಡಿನ ನಿರ್ದುಷ್ಟವಾದ ಪತ್ರಕ್ಕಿಂತ ಈ ಸೊಟ್ಟ ಪತ್ರಕ್ಕೆ ಒಂದು ಅಂಕವನ್ನು ಹೆಚ್ಚಾಗಿ ಕೊಡುವುದಕ್ಕೆ ಈಗಿನ ನಿಯಮಗಳಲ್ಲಿ ಧೈರ್ಯ ಬರಲಾರದು. ಆ ಧೈರ್ಯವನ್ನು ಮಂಡಳಿಯೇ ಬರೆವಣಿಗೆಯಲ್ಲಿ ಕೊಡಬೇಕು. ಹಾಗೆ ಕೊಟ್ಟ ವರ್ಷದ ಜೂನ್ ತಿಂಗಳಿನಿಂದಲೇ ಶಾಲೆಗಳಲ್ಲಿ ಸಿದ್ಧತೆಯ ರೀತಿ ಬದಲಾಗದಿದ್ದರೆ, ನಮ್ಮ ಉಪಾಧ್ಯಾಯರನ್ನು ನಾನು ಅರಿತಿಲ್ಲವೆಂದೇ ಹೇಳಬೇಕು.