ಹಣ ಒಬ್ಬರದು, ಪುರಸ್ಕಾರ ಇನ್ನೊಬ್ಬರಿಗೆ

ಕೆಲವು ತಿಂಗಳುಗಳ ಹಿಂದೆ ಹೊಸಪೇಟೆಯ ಯುವಕನೊಬ್ಬ ಸಂಜೆಯ ವೇಳೆ ನನ್ನನ್ನು ಕಾಣಲು ಬಂದಿದ್ದ. ತೋರಣಗಲ್ಲಿನ ಸುತ್ತಮುತ್ತಲ ಕಾರ್ಖಾನೆಗಳಿಗೆ ಯಂತ್ರದ ಬಿಡಿಭಾಗಗಳನ್ನು ಪೂರೈಸುವ ಸಂಸ್ಥೆಯೊಂದರಲ್ಲಿ ಅವನಿಗೆ ಉದ್ಯೋಗ. ತಿಂಗಳಿಗೆ ಮೂರು ನಾಲ್ಕು ಬಾರಿ ಮುಂಬಯಿ, ಪುಣೆ, ಕೋಲ್ಕತ್ತ ಎಂದು ತಿರುಗಾಟ. ಕುಶಲೋಪರಿ ಮುಗಿದ ಮೇಲೆ, "ಫಾದರ್, ನೀವೂ ಸಭೆಗಳಿಗೆಂದು ವಿಮಾನದಲ್ಲಿ ಓಡಾಡುತ್ತೀರಲ್ಲ, ಯಾವ ಸಂಸ್ಥೆಯನ್ನು ಕಾಯಂ ಮಾಡಿಕೊಂಡರೆ ಒಳ್ಳೆಯದು? ಯಾರ ಪಾಯಿಂಟಿನಲ್ಲಿ ಲಾಭ ಹೆಚ್ಚು?" ಎಂದು ಕೇಳಿದ. ಇದು ಟ್ರಾವೆಲ್ ಏಜೆಂಟರಿಗೆ ಕೇಳಬೇಕಾದ ಪ್ರಶ್ನೆಯೆಂದು ನಾನು ನಕ್ಕೆ. ಆದರೆ ಅವನು ಮಾತು ಮುಂದುವರಿಸಿದಂತೆ ನನ್ನ ನಗು ಅಡಗಿತು.

ಟಿಕೇಟಿನ ಹಣವನ್ನು ತೆರುವುದು ಅವನ ಸಂಸ್ಥೆ. ಪಾಯಿಂಟುಗಳು ಸೇರುವುದು ಅವನ ಹೆಸರಿಗೆ. ಕಡಿಮೆ ದರದ ಬೇರೊಂದು ವಿಮಾನ ಅದೇ ವೇಳೆಗೆ ಇದ್ದರೂ, ಎರಡು ಮೂರು ಬಾರಿ ಅವನು ತನ್ನ ಪಾಯಿಂಟಿನ ವಿಮಾನವನ್ನೇ ಹಿಡಿದಿದ್ದಾನೆ. ಈ ವಿಷಯ ಮಾಲೀಕರಿಗೆ ತಿಳಿಯದು. ಕೂಡಿಟ್ಟ ಪಾಯಿಂಟುಗಳಿಂದ ತಾಯಿಯನ್ನು ಒಮ್ಮೆ ದೆಹಲಿಗೆ ಕರೆದೊಯ್ಯಬೇಕೆಂಬುದು ಅವನ ಆಸೆ. ಆ ತಾಯಿ ಇದುವರೆಗೆ ವಿಮಾನವನ್ನು ಹತ್ತಿದವರಲ್ಲ. "ಇದರಲ್ಲಿ ತಪ್ಪೇನಾದರೂ ಇದೆಯೇ ಫಾದರ್?" ಎಂದು ಕೊನೆಯಲ್ಲಿ ಮೆಲ್ಲಗೆ ಕೇಳಿದ. ಆ ಸಂಜೆ ನಾನು ಉತ್ತರ ಕೊಡಲಿಲ್ಲ. ಕೊಡಲು ನನಗೆ ಧೈರ್ಯ ಬರಲಿಲ್ಲ ಎನ್ನುವುದೇ ಸತ್ಯ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಸತ್ತ ಕುದುರೆಯ ಬಾಲ

ಪದೇಪದೇ ಬರುವ ಗಿರಾಕಿಗೆ ಪುರಸ್ಕಾರ ಕೊಡುವುದು ವಿಮಾನ ಸಂಸ್ಥೆಗಳು ಕಂಡುಹಿಡಿದ ಹೊಸ ಉಪಾಯವೇನೂ ಅಲ್ಲ. ನಮ್ಮ ಹಂಪಿಯಲ್ಲೇ ಅದಕ್ಕೆ ಹಳೆಯ ನಿದರ್ಶನವಿದೆ. ಹದಿನಾರನೆಯ ಶತಮಾನದ ನಾಲ್ಕನೆಯ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟ ವೃತ್ತಾಂತದಲ್ಲಿ ಸಾಳುವ ನರಸಿಂಹನ ಬಗೆಗೆ ಒಂದು ಸಂಗತಿ ಬರುತ್ತದೆ. ಹೋರ್ಮುಜ್ ಮತ್ತು ಏಡನ್‌ಗಳಿಂದ ಸಮುದ್ರಮಾರ್ಗವಾಗಿ ಬರುತ್ತಿದ್ದ ಕುದುರೆಗಳನ್ನು ಆ ಅರಸನು ವ್ಯಾಪಾರಿಗಳು ಕೇಳಿದ ಬೆಲೆಗೆ ಕೊಳ್ಳುತ್ತಿದ್ದನಂತೆ. ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಸತ್ತ ಕುದುರೆಯಿಂದ ಅರಸನಿಗೆ ಆಗಬೇಕಾದುದೇನು? ಏನೂ ಇಲ್ಲ. ಅವನು ಕೊಳ್ಳುತ್ತಿದ್ದುದು ಬಾಲವನ್ನಲ್ಲ, ವ್ಯಾಪಾರಿಯ ಮನಸ್ಸನ್ನು. ಮರುವರ್ಷ ಅವನ ಹಡಗು ಬೇರೊಬ್ಬ ಅರಸನ ಕಡೆಗೆ ತಿರುಗದೆ ತನ್ನತ್ತಲೇ ಬರಬೇಕೆಂಬುದು ಅದರ ಉದ್ದೇಶ.

ಇದರಲ್ಲಿ ಅನೀತಿ ಕಾಣುವುದಿಲ್ಲ. ಕೊಡುವ ಹಣ ಅರಸನದು, ಕುದುರೆ ವ್ಯಾಪಾರಿಯದು, ವ್ಯವಹಾರ ಬಹಿರಂಗವಾದುದು. ನಷ್ಟದ ಭಯವನ್ನು ಇಬ್ಬರೂ ಹಂಚಿಕೊಂಡರು. ಆದರೆ ಆ ಚಿತ್ರವನ್ನು ಸ್ವಲ್ಪ ಬದಲಿಸಿ ನೋಡೋಣ. ಕುದುರೆ ಕೊಳ್ಳಲೆಂದು ಅರಸನು ತನ್ನ ಸೇವಕನ ಕೈಯಲ್ಲಿ ಹಣ ಕೊಟ್ಟು ಕಳುಹಿಸಿದನೆನ್ನಿ. ವ್ಯಾಪಾರಿಯು ಸೇವಕನಿಗೆ ಗುಟ್ಟಾಗಿ ಒಂದು ಬೆಳ್ಳಿಯ ಬಟ್ಟಲನ್ನು ಕೊಟ್ಟನೆನ್ನಿ. ಈಗ ಆ ಸೇವಕನು ಕುದುರೆಯನ್ನು ನೋಡುವ ಕಣ್ಣು ಮೊದಲಿನ ಕಣ್ಣಾಗಿ ಉಳಿಯುವುದೇ?

ಆಧುನಿಕ ವಿಮಾನ ಸಂಸ್ಥೆಗಳ ಯೋಜನೆ ಈ ಎರಡನೆಯ ಚಿತ್ರಕ್ಕೆ ಹತ್ತಿರವಾದುದು. ಅಮೆರಿಕದಲ್ಲಿ 1978ರ ಕಾನೂನು ವಿಮಾನದರಗಳ ಮೇಲಿನ ಸರಕಾರಿ ಹಿಡಿತವನ್ನು ಸಡಿಲಿಸಿದ ಮೇಲೆ ಸಂಸ್ಥೆಗಳ ನಡುವೆ ದರದ ಪೈಪೋಟಿ ಹುಟ್ಟಿತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಗಿರಾಕಿ ಹಾರಿದ ಮೈಲಿಗಳನ್ನು ಲೆಕ್ಕವಿಟ್ಟು ಉಚಿತ ಪ್ರಯಾಣ ಕೊಡುವ ಯೋಜನೆಯನ್ನು ಆರಂಭಿಸಿತು. ಬಹುಬೇಗ ಉಳಿದ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಅದರ ಒಳಗುಟ್ಟು ಸರಳವಾದುದು. ತನ್ನ ಹಣದಲ್ಲಿ ಪ್ರಯಾಣಿಸುವವನು ದರವನ್ನು ನೋಡುತ್ತಾನೆ. ಕಂಪನಿಯ ಹಣದಲ್ಲಿ ಪ್ರಯಾಣಿಸುವವನು ಅಷ್ಟಾಗಿ ನೋಡುವುದಿಲ್ಲ. ಹಾಗಾದರೆ ದರವನ್ನು ಇಳಿಸಿ ಕಂಪನಿಯನ್ನು ಸಂತೋಷಪಡಿಸುವುದಕ್ಕಿಂತ, ಆರಿಸುವವನ ಕೈಗೆ ಒಂದು ಕಾಣಿಕೆ ಇಡುವುದು ಲಾಭಕರವಲ್ಲವೇ?

ನಮ್ಮ ನಿತ್ಯದ ಬದುಕಿನಲ್ಲೂ ಇದು ಅಪರಿಚಿತವಲ್ಲ. ರಾತ್ರಿ ಬಸ್ಸು ಹೆದ್ದಾರಿಯ ಯಾವ ಹೋಟೆಲಿನ ಮುಂದೆ ನಿಲ್ಲುತ್ತದೆಂಬುದನ್ನು ಊಟದ ರುಚಿಯೇ ನಿರ್ಧರಿಸುತ್ತದೆಯೇ, ಚಾಲಕ ನಿರ್ವಾಹಕರಿಗೆ ಬಿಟ್ಟಿಯಾಗಿ ಸಿಗುವ ಊಟವೂ ನಿರ್ಧರಿಸುತ್ತದೆಯೇ ಎಂಬುದನ್ನು ಪ್ರಯಾಣಿಕರೆಲ್ಲರೂ ಬಲ್ಲರು. ಸಂಡೂರಿನಿಂದ ಅದಿರು ಹೊತ್ತು ಇಳಿಯುವ ಲಾರಿಯ ಚಾಲಕನಿಗೆ ಡೀಸೆಲ್ ಬಂಕಿನವರು ಒಂದು ಉಡುಗೊರೆ ಕೊಟ್ಟರೆ, ಮಾಲೀಕನ ಹಣ ಮುಂದಿನ ಸಲವೂ ಅದೇ ಬಂಕಿಗೆ ಹೋಗುತ್ತದೆ. ಕಂಪ್ಲಿಯ ಭತ್ತದ ರೈತನೊಬ್ಬ ಗೊಬ್ಬರ ತರಲು ಆಳನ್ನು ಕಳುಹಿಸಿದಾಗ ಅಂಗಡಿಯವನು ಆಳಿನ ಹೆಗಲಿಗೆ ಹೊಸ ಟವೆಲೊಂದನ್ನು ಹಾಕಿದರೆ, ಆ ಟವೆಲು ಯಾರದು? ಟವೆಲು ಸಣ್ಣದು, ನಿಜ. ಆದರೆ ನಾಳೆ ಯಾವ ಗೊಬ್ಬರ ಒಳ್ಳೆಯದೆಂದು ರೈತ ಕೇಳಿದಾಗ ಆ ಟವೆಲು ಮಾತನಾಡದೆ ಇರುವುದೇ?

ದುಡಿಮೆಗೆ ತಕ್ಕ ಪ್ರತಿಫಲವಲ್ಲವೇ?

ಇಲ್ಲಿ ಆ ಯುವಕನ ಪರವಾಗಿಯೂ ನ್ಯಾಯವಾದ ಮಾತುಗಳಿವೆ. ಹೊಸಪೇಟೆಯವರಿಗೆ ವಿಮಾನಯಾನ ಸುಲಭದ ಮಾತಲ್ಲ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಹತ್ತಿರದ್ದೇ ಆದರೂ, ಉಡಾನ್ ಯೋಜನೆಯಡಿ 2017ರಲ್ಲಿ ಅಲ್ಲಿಂದ ಹಾರಾಟ ಆರಂಭಿಸಿದ ಟ್ರೂಜೆಟ್ 2022ರ ಆರಂಭದಲ್ಲಿ ತನ್ನ ಸೇವೆಯನ್ನೇ ನಿಲ್ಲಿಸಿತು. ಸಣ್ಣ ನಿಲ್ದಾಣದಿಂದ ಬೇಕಾದ ಊರಿಗೆ ಬೇಕಾದ ಹೊತ್ತಿಗೆ ವಿಮಾನ ಸಿಗುವುದಿಲ್ಲ. ಹುಬ್ಬಳ್ಳಿಗೆ ಹೋಗಬೇಕೆಂದರೆ ನಸುಕಿನಲ್ಲೇ ಎದ್ದು ಹೊರಡಬೇಕು. ಬೆಂಗಳೂರಿನಿಂದ ಹಾರಬೇಕೆಂದರೆ ರಾತ್ರಿಯೆಲ್ಲ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕಳೆದು, ಮುಂಜಾನೆ ದೇವನಹಳ್ಳಿಯ ದಾರಿ ಹಿಡಿಯಬೇಕು. ಮನೆಯವರಿಂದ ದೂರವಾದ ಆ ರಾತ್ರಿಗಳಿಗೆ ಸಂಬಳದ ಪಟ್ಟಿಯಲ್ಲಿ ಜಾಗವಿಲ್ಲ. ದೇಹ ದಣಿಯುವುದು ಅವನದು, ಪಾಯಿಂಟು ಮಾತ್ರ ಮಾಲೀಕನದೇ?

ಗುರುಮಠದಲ್ಲಿ ನೀತಿಶಾಸ್ತ್ರವನ್ನು ಓದುವಾಗ ಇಂಥದೇ ವಾದವೊಂದನ್ನು ನಾವು ಕಲಿತಿದ್ದೆವು. ತನ್ನ ದುಡಿಮೆಗೆ ತಕ್ಕ ವೇತನ ಸಿಗುತ್ತಿಲ್ಲವೆಂದು ತಾನೇ ನಿರ್ಣಯಿಸಿಕೊಂಡ ಸೇವಕನು, ಕೊರತೆಯನ್ನು ತುಂಬಿಕೊಳ್ಳಲು ಯಜಮಾನನ ಸೊತ್ತಿನಿಂದ ಗುಟ್ಟಾಗಿ ತೆಗೆದುಕೊಳ್ಳಬಹುದೇ ಎಂಬುದು ಪ್ರಶ್ನೆ. ಕೆಲವು ಪಂಡಿತರು ಆಗಬಹುದೆಂದರು. 1679ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು ಆ ಅಭಿಪ್ರಾಯವನ್ನು ಖಂಡಿಸಿದರು. ಸೇವಕನ ಶ್ರಮಕ್ಕೆ ಬೆಲೆಯಿಲ್ಲವೆಂಬುದು ಇದರ ಅರ್ಥವಲ್ಲ. ತನ್ನ ವ್ಯಾಜ್ಯದಲ್ಲಿ ತಾನೇ ವಾದಿ, ತಾನೇ ಸಾಕ್ಷಿ, ತಾನೇ ನ್ಯಾಯಾಧೀಶನಾದವನ ತೀರ್ಪಿನಲ್ಲಿ ನ್ಯಾಯ ನಿಲ್ಲದೆಂಬುದು ಅದರ ಹುರುಳು. ಶ್ರಮಕ್ಕೆ ಪ್ರತಿಫಲ ಬೇಕಾದರೆ ಅದನ್ನು ಬೆಳಕಿನಲ್ಲಿ ಕೇಳಬೇಕು.

ಲೋಕದ ಸರಕಾರಗಳೂ ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಎದುರಿಸಿವೆ, ಬೇರೆಬೇರೆ ಉತ್ತರಗಳನ್ನು ಕೊಟ್ಟಿವೆ. ಜರ್ಮನಿಯಲ್ಲಿ 2002ರಲ್ಲಿ, ಅಧಿಕೃತ ಪ್ರಯಾಣಗಳಿಂದ ದೊರೆತ ಮೈಲಿಗಳನ್ನು ಸ್ವಂತ ಪ್ರಯಾಣಕ್ಕೆ ಬಳಸಿದ್ದು ಬಯಲಾದಾಗ, ಬರ್ಲಿನ್ ರಾಜ್ಯದ ಆರ್ಥಿಕ ವ್ಯವಹಾರಗಳ ಸಚಿವರಾಗಿದ್ದ ಗ್ರೆಗೊರ್ ಗೀಜಿ ಪದವಿಯನ್ನೇ ತ್ಯಜಿಸಿದರು. 2006ರಲ್ಲಿ ಆ ದೇಶದ ಉನ್ನತ ಕಾರ್ಮಿಕ ನ್ಯಾಯಾಲಯ, ಟಿಕೇಟಿನ ಹಣ ಕೊಟ್ಟ ಮಾಲೀಕನಿಗೇ ಮೈಲಿಗಳ ಮೇಲೆ ಹಕ್ಕಿದೆಯೆಂದು ತೀರ್ಪಿತ್ತಿತು. ನಮ್ಮ ಕೇಂದ್ರ ಸರಕಾರದ ಮಿತವ್ಯಯದ ಆದೇಶಗಳೂ, ಅಧಿಕೃತ ಪ್ರಯಾಣದ ಮೈಲಿಗಳನ್ನು ಅಧಿಕಾರಿಗಳು ಸ್ವಂತಕ್ಕೆ ಬಳಸಬಾರದು, ಇಲಾಖೆಯ ಮುಂದಿನ ಪ್ರಯಾಣಕ್ಕೇ ಬಳಸಬೇಕು ಎಂದು ವಿಧಿಸಿವೆ. ಅಮೆರಿಕವಾದರೋ 2001ರ ಕೊನೆಯಲ್ಲಿ ಕಾನೂನು ಮಾಡಿ, ಸರಕಾರಿ ನೌಕರರು ಮೈಲಿಗಳನ್ನು ತಾವೇ ಇಟ್ಟುಕೊಳ್ಳಬಹುದೆಂದಿತು. ಉತ್ತರಗಳು ವಿರುದ್ಧವಾಗಿ ತೋರಿದರೂ ಅವುಗಳ ಬುನಾದಿ ಒಂದೇ. ಹಣ ಯಾರದೋ ಪುರಸ್ಕಾರದ ಬಗೆಗೆ ನಿರ್ಧರಿಸುವ ಅಧಿಕಾರ ಅವರದು. ಅವರು ತಿಳಿದು ಬಿಟ್ಟುಕೊಟ್ಟರೆ ಅದು ನೌಕರನಿಗೆ ದಾನವಾಗುತ್ತದೆ, ತಿಳಿಯದೆ ಹೋದರೆ ಅವರ ಕಣ್ಣು ತಪ್ಪಿಸಿ ತೆಗೆದುಕೊಂಡಂತಾಗುತ್ತದೆ.

ನನ್ನ ಮೇಜಿನ ಖಾನೆಯಲ್ಲಿದ್ದ ಕಾರ್ಡು

ಆ ಯುವಕನಿಗೆ ನಾನು ಕೂಡಲೇ ಉತ್ತರಿಸಲಾರದೆ ಹೋದುದಕ್ಕೆ ಕಾರಣವಿಷ್ಟೆ: ಅಂಥದೇ ಒಂದು ಕಾರ್ಡು ನನ್ನ ಮೇಜಿನ ಖಾನೆಯಲ್ಲೂ ಇತ್ತು. ಹಲವು ವರ್ಷ ಸಭೆಗಳಿಗೆಂದು ದೆಹಲಿ, ಕೋಲ್ಕತ್ತಗಳಿಗೆ ಹೋಗಿಬಂದಿದ್ದೆ. ಟಿಕೇಟಿನ ಹಣ ಸಮಿತಿಯ ನಿಧಿಯಿಂದ ಬರುತ್ತಿತ್ತು. ಒಂದು ವರ್ಷ ಕೂಡಿದ ಪಾಯಿಂಟುಗಳಿಂದ ಮುಂಬಯಿಯಲ್ಲಿ ಬಂಧುವೊಬ್ಬರ ಮದುವೆಗೆ ಹಾರಿ ಹೋದೆ. ಯಾರಿಗೂ ಹೊರೆಯಾಗದೆ ಹೋಗಿಬಂದೆನೆಂದು ಆಗ ನನಗೆ ಹೆಮ್ಮೆಯೂ ಆಗಿತ್ತು.

ಯುವಕ ಹೋದ ಮೇಲೆ ಹಳೆಯ ಟಿಕೇಟುಗಳನ್ನು ನೆನೆದು ಲೆಕ್ಕ ಹಾಕಿದೆ. ಒಂದು ಸಲವಂತೂ ಸಮಿತಿಯ ಗುಮಾಸ್ತರು ತೋರಿಸಿದ ಅಗ್ಗದ ಟಿಕೇಟನ್ನು ಬೇಡವೆಂದು, ಸಾವಿರಕ್ಕೂ ಮಿಕ್ಕಿ ಹೆಚ್ಚಿನ ಟಿಕೇಟನ್ನು ತೆಗೆಸಿದ್ದೆ. "ಅದು ಹೊತ್ತಿಗೆ ಸರಿಯಾಗಿ ಹೊರಡುತ್ತದೆ" ಎಂದು ಅವರಿಗೆ ಹೇಳಿದ್ದೆ. ಆ ಮಾತನ್ನು ಹೇಳುವಾಗ ನಾನೇ ಅದನ್ನು ನಂಬಿದ್ದೆ. ನನ್ನನ್ನು ಹೆಚ್ಚು ಕಾಡಿದುದು ಇದೇ. ಪಾಯಿಂಟು ನನ್ನ ಕಿಸೆಗೆ ಬರುವ ಮೊದಲೇ ನನ್ನ ವಿವೇಚನೆಯೊಳಗೆ ಬಂದು ಕುಳಿತಿತ್ತು, ತನ್ನ ಪರವಾದ ಕಾರಣಗಳನ್ನು ನನ್ನ ಬಾಯಿಂದಲೇ ಆಡಿಸಿತ್ತು. ಆ ನಿಧಿಗೆ ಸೇರಿದ ರೂಪಾಯಿಗಳಲ್ಲಿ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಕಾಣಿಕೆಯೂ ಇತ್ತೆಂಬುದನ್ನು ನೆನೆದಾಗ ಆ ಸಾವಿರ ಸಣ್ಣದಾಗಿ ತೋರಲಿಲ್ಲ.

ಖಜಾಂಚಿಯವರಲ್ಲಿಗೆ ಹೋಗಿ ವಿಷಯವನ್ನು ತಿಳಿಸಿ, ವ್ಯತ್ಯಾಸದ ಹಣವನ್ನು ಕಟ್ಟಿದೆ. "ಇಷ್ಟಕ್ಕೇಕೆ ಫಾದರ್?" ಎಂದು ಅವರು ನಕ್ಕರು. ಆದರೂ ಮುಂದಿನ ಸಭೆಯಲ್ಲಿ, ಸಮಿತಿಯ ಪ್ರಯಾಣದ ಪಾಯಿಂಟುಗಳು ಸಮಿತಿಯ ಪ್ರಯಾಣಕ್ಕೇ ಎಂಬ ಒಂದು ಸಾಲು ನಡಾವಳಿ ಪುಸ್ತಕದಲ್ಲಿ ಸೇರಿತು.

ಇಷ್ಟಾದ ಮೇಲೆ ಯುವಕನನ್ನು ಕರೆಸಿ ಮಾತನಾಡಿದೆ. ಅವನು ಮೊದಲು ಕೇಳಿದ ಪ್ರಶ್ನೆಗೂ ನನಗೆ ತೋಚಿದ ಉತ್ತರ ಕೊಟ್ಟೆ. ಮೊದಲು ನಿನ್ನ ಕೆಲಸದ ಹೊತ್ತಿಗೆ ಹೊಂದುವ ವಿಮಾನವನ್ನು ನೋಡು. ಎರಡನೆಯದಾಗಿ, ಟಿಕೇಟಿನ ದರವನ್ನಷ್ಟೇ ಅಲ್ಲ, ಹೊಸಪೇಟೆಯ ಮನೆಯಿಂದ ನಿಲ್ದಾಣದವರೆಗಿನ ಕಾರಿನ ಬಾಡಿಗೆಯನ್ನೂ ಸೇರಿಸಿ ಒಟ್ಟು ಖರ್ಚನ್ನು ನೋಡು. ಮೂರನೆಯದಾಗಿ, ಪ್ರಯಾಣ ರದ್ದಾದರೆ ಎಷ್ಟು ಹಣ ಮರಳುವುದೆಂದು ನೋಡು. ಇವೆಲ್ಲ ಸಮವಾದಾಗ ಮಾತ್ರ ಪಾಯಿಂಟನ್ನು ನೋಡು. ಪಾಯಿಂಟನ್ನು ಆಸ್ತಿಯೆಂದು ನಂಬಬೇಡ. ಅದರ ಬೆಲೆಯನ್ನು ನಿರ್ಧರಿಸುವುದೂ ಇಳಿಸುವುದೂ ಕೊಟ್ಟವರ ಕೈಯಲ್ಲೇ ಇದೆ. 2012ರಲ್ಲಿ ಕಿಂಗ್‌ಫಿಷರ್ ನಿಂತಾಗ, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನೆಲಕ್ಕಿಳಿದಾಗ, ಆ ವಿಮಾನಗಳಲ್ಲಿ ಹಾರುವೆವೆಂದು ವರ್ಷಗಟ್ಟಲೆ ಕೂಡಿಟ್ಟವರ ಲೆಕ್ಕ ತಲೆಕೆಳಗಾಯಿತು. 2024ರ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಸದಸ್ಯರ ಪಾಯಿಂಟುಗಳು ಹೊಸ ಖಾತೆಗೆ ಬಂದವು ನಿಜ, ಆದರೆ ಅಲ್ಲಿಯೂ ನಿಯಮ ಬರೆಯುವವರು ಗಿರಾಕಿಗಳಲ್ಲ. ಇದಕ್ಕೆ ಅವರು ನಿಷ್ಠೆಯ ಯೋಜನೆ ಎಂದು ಹೆಸರಿಟ್ಟಿದ್ದಾರೆ. ಪುರಸ್ಕಾರ ನಿಂತ ದಿನವೇ ಮುಗಿಯುವುದನ್ನು ನಿಷ್ಠೆ ಎನ್ನಬಹುದೇ? ನಿನ್ನನ್ನು ನಂಬಿ ಹಣ ಕೊಟ್ಟು ಕಳುಹಿಸಿದವನೊಬ್ಬನಿದ್ದಾನೆ, ನಿನ್ನ ನಿಷ್ಠೆ ಮೊದಲು ಸಲ್ಲಬೇಕಾದುದು ಅಲ್ಲಿಗೆ ಎಂದೆ.

ಅವನು ವಾರ ಕಳೆದು ಮಾಲೀಕರಿಗೆ ಎಲ್ಲವನ್ನೂ ಹೇಳಿದನಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿದ್ದೆಗೆಟ್ಟು ಹೋಗುವವನು ನೀನು, ಪಾಯಿಂಟು ನಿನಗೇ ಇರಲಿ. ಆದರೆ ಇನ್ನು ಮೇಲೆ ಟಿಕೇಟನ್ನು ಆಫೀಸಿನವರೇ ಆರಿಸುತ್ತಾರೆ" ಎಂದರಂತೆ. ನ್ಯಾಯವಾದ ತೀರ್ಪೆಂದು ನನಗೆ ತೋರಿತು. ಈಗ ಪಾಯಿಂಟುಗಳು ಒಂದೊಂದು ಸಂಸ್ಥೆಯಲ್ಲಿ ಸ್ವಲ್ಪಸ್ವಲ್ಪವೇ ಹಂಚಿಹೋಗಿ ನಿಧಾನವಾಗಿ ಕೂಡುತ್ತಿವೆ. ತಾಯಿಯ ದೆಹಲಿ ಪ್ರಯಾಣ ಇನ್ನೂ ಆಗಿಲ್ಲ. ಮೊನ್ನೆ ಸಿಕ್ಕಾಗ, "ತಡವಾದರೂ ಆಗಲಿ ಫಾದರ್, ಅಮ್ಮ ಯಾರ ದುಡ್ಡಪ್ಪಾ ಎಂದು ಕೇಳಿದರೆ ತಲೆಯೆತ್ತಿ ಹೇಳಬಹುದು" ಎಂದ.

ಪ್ರಿಯ ಓದುಗರೇ, ನಮ್ಮಲ್ಲಿ ವಿಮಾನ ಹತ್ತುವವರು ಕೆಲವರೇ ಇರಬಹುದು. ಆದರೆ ಇನ್ನೊಬ್ಬರ ಹಣವನ್ನು ಹಿಡಿದು ಅಂಗಡಿಗೆ ಹೋಗದವರು ಯಾರು? ಸಂಘದ ಖಜಾಂಚಿ, ಶಾಲೆಯ ಮುಖ್ಯಸ್ಥರು, ಮದುವೆಮನೆಯ ಜವಳಿ ತರಲು ಹೊರಟ ಸೋದರಮಾವ, ಎಲ್ಲರೂ ಒಂದಲ್ಲ ಒಂದು ದಿನ ಆ ಸೇವಕನ ಜಾಗದಲ್ಲಿ ನಿಲ್ಲುವವರೇ. ಅಂಗಡಿಯವನು ಚೀಲದ ಜೊತೆಗೆ ಕೈಗಿಡುವ ಸಣ್ಣ ಕಾಣಿಕೆಯನ್ನು ಮನೆಗೆ ಬಂದು ಎಲ್ಲರ ಮುಂದೆ ಮೇಜಿನ ಮೇಲೆ ಇಡಬಲ್ಲೆವೇ ಎಂದು ಕೇಳಿಕೊಂಡರೆ, ಉಳಿದ ಉತ್ತರವನ್ನು ನಮ್ಮ ಅಂತರಂಗವೇ ಹೇಳುತ್ತದೆ.